ಸಿಕ್ಕದಿಂದ ಇಳಿದ ಅಪಾಯ

ಕುಂದಾಪುರ ಸೀಮೆಯ ಹಳೆಯ ಅಡುಗೆಮನೆಗಳಲ್ಲಿ ಬಾಗಿಲಿರುವ ಕಪಾಟು ಅಪರೂಪವಾಗಿತ್ತು. ಮುರಕಲ್ಲಿನ ಗೋಡೆ, ಗೋಡೆಯಲ್ಲೇ ಬಿಟ್ಟ ಗೂಡು, ಒಲೆಯ ಮೇಲೆ ಹೊಗೆ ಹಿಡಿದ ಅಟ್ಟ, ತೊಲೆಯಿಂದ ಇಳಿಬಿಟ್ಟ ಹಗ್ಗದ ಸಿಕ್ಕ, ಇಷ್ಟೇ. ಬೆಣ್ಣೆಯ ಪಾತ್ರೆ, ಮೊಸರಿನ ಗಡಿಗೆ ಸಿಕ್ಕದಲ್ಲಿ ತೂಗುತ್ತಿದ್ದವು. ಇರುವೆ, ಬೆಕ್ಕು, ಮಕ್ಕಳು, ಈ ಮೂರೂ ಕಳ್ಳರಿಗೆ ಮನೆಯವರು ಕಂಡುಕೊಂಡ ಉಪಾಯ ಒಂದೇ: ಎತ್ತರ. ಆ ಎತ್ತರವನ್ನು ಗೆದ್ದ ಹುಡುಗನ ಕಥೆಯನ್ನು ಉಡುಪಿ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ವಿಟ್ಲಪಿಂಡಿಯ ದಿನ ರಥಬೀದಿಯಲ್ಲಿ ಮೊಸರು ಕುಡಿಕೆ ಒಡೆದು ಅದನ್ನೇ ಆಡಿ ತೋರಿಸುತ್ತಾರೆ.

ಹಾಗೆಂದು ಹಳೆಯ ಅಡುಗೆಮನೆ ಮಕ್ಕಳಿಗೆ ಸುರಕ್ಷಿತವಾಗಿತ್ತು ಎಂದರೆ ಸುಳ್ಳಾಗುತ್ತದೆ. ಮೆಟ್ಟುಕತ್ತಿಯ ಅಲಗು ನೆಲದಿಂದ ಗೇಣೆತ್ತರದಲ್ಲಿ ಆಕಾಶ ನೋಡುತ್ತಿತ್ತು. ಕಾಯಿ ಹೆರೆಯುವ ಮಣೆಯ ಹಲ್ಲು ಕೂತವರ ಮೊಣಕಾಲಿನ ಮಟ್ಟದಲ್ಲಿತ್ತು. ಗಂಜಿ ಬಸಿಯುವ ಮರಿಗೆ ನೆಲದ ಮೇಲೆಯೇ ಹಬೆಯಾಡುತ್ತಿತ್ತು. ಆದರೆ ಆ ಅಪಾಯಗಳೆಲ್ಲ ಕಣ್ಣಿಗೆ ಕಾಣುವಂಥವು. ಅವುಗಳ ಸುತ್ತ ಅತ್ತೆ, ಸೊಸೆ, ದೊಡ್ಡಮ್ಮ ಎಂದು ನಾಲ್ಕಾರು ಜೊತೆ ಕಣ್ಣುಗಳೂ ಇರುತ್ತಿದ್ದವು.

ಈಗ ಬ್ರಹ್ಮಾವರದಿಂದ ಬೈಂದೂರಿನವರೆಗೆ ಹೆದ್ದಾರಿಯ ಇಕ್ಕೆಲಗಳಲ್ಲಿ ಏಳುತ್ತಿರುವ ಮನೆಗಳಲ್ಲಿ ಗ್ರಾನೈಟ್ ಕಟ್ಟೆ, ಅದರಡಿ ಸಾಲು ಕಪಾಟು. ಕಟ್ಟೆಯ ಎತ್ತರ 80ರಿಂದ 85 ಸೆಂಟಿಮೀಟರ್. ಅಡಿಯಲ್ಲಿ ಕಾಲು ತೂರಲು ಬಿಟ್ಟ ಜಾಗವನ್ನು, ಮೇಲೆ ಕಲ್ಲಿನ ದಪ್ಪವನ್ನು ಕಳೆದರೆ ಬಾಗಿಲಿಗೆ ಉಳಿಯುವುದು ಸುಮಾರು 70 ಸೆಂಟಿಮೀಟರ್. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯಲ್ಲಿ ಒಂದು ವರ್ಷದ ಮಗುವಿನ ಸರಾಸರಿ ಎತ್ತರ ಸುಮಾರು 75 ಸೆಂಟಿಮೀಟರ್. ಅಂದರೆ ಬಾಗಿಲು ಹೆಚ್ಚುಕಡಿಮೆ ಮಗುವಿನಷ್ಟೇ ಎತ್ತರ, ಅದರ ಹಿಡಿ ಮಗುವಿನ ಮುಖದ ನೇರಕ್ಕೆ. ದೊಡ್ಡವರ ಬೆನ್ನು ಬಗ್ಗದಿರಲಿ ಎಂದು ಕಟ್ಟಿದ ಅಡುಗೆಮನೆ ತನ್ನ ಅರ್ಧ ಸಂಸಾರವನ್ನು ಸಿಕ್ಕದಿಂದ ಇಳಿಸಿ ಅಂಬೆಗಾಲಿನವರ ಸುಪರ್ದಿಗೆ ಕೊಟ್ಟುಬಿಟ್ಟಿದೆ. ಪಾತ್ರೆ ತೊಳೆಯುವ ಸೋಪು, ಫಿನಾಯಿಲು, ಕಮೋಡಿನ ಆ್ಯಸಿಡ್, ಜಿರಲೆ ಔಷಧಿ ಎಲ್ಲವೂ ಸಿಂಕಿನ ಕೆಳಗೆ. ವಾಸನೆಯ ವಸ್ತುಗಳಿಗೆ ಅದೇ ಸರಿಯಾದ ಜಾಗವೆಂದು ಯಾರು ತೀರ್ಮಾನಿಸಿದರೋ ಗೊತ್ತಿಲ್ಲ, ಮನೆಮನೆಯಲ್ಲೂ ಅದೇ ತೀರ್ಮಾನ.

ಮಗುವಿನ ಕಡೆಯಿಂದ ನೋಡಿದರೆ ಇದು ಹೇಳಿ ಮಾಡಿಸಿದ ಶಾಲೆ. ಏಳೆಂಟು ತಿಂಗಳಿಗೆ ಅಂಬೆಗಾಲು ಶುರುವಾಗುತ್ತದೆ. ಒಂಬತ್ತು ಹತ್ತರ ಹೊತ್ತಿಗೆ ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ ನೆಲದ ಮೇಲಿನ ಅವಲಕ್ಕಿಯ ಕಾಳನ್ನು ಹೆಕ್ಕುವಷ್ಟು ಕುಶಲತೆ ಬಂದಿರುತ್ತದೆ. ಅದೇ ವಯಸ್ಸಿನಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದು ಏಳುವುದು, ಎದ್ದು ಜಗ್ಗುವುದು. ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ, ಏಕೆಂದರೆ ಆ ವಯಸ್ಸಿನಲ್ಲಿ ನಾಲಿಗೆ ಮತ್ತು ತುಟಿ ಬೆರಳುಗಳಷ್ಟೇ ಮುಖ್ಯವಾದ ಪರೀಕ್ಷಾ ಸಾಧನ. ಹಿಡಿ ಹಿಡಿದು ಏಳುವ ಮಗುವಿಗೆ ಬಾಗಿಲು ತೆರೆದುಕೊಳ್ಳುವುದು ಮೊದಮೊದಲು ಆಕಸ್ಮಿಕ. ನಂತರ ಅದೇ ಆಟ.

ಮೊದಲ ಪೆಟ್ಟು ಬೀಳುವುದು ಬೆರಳಿಗೆ. ಬಾಗಿಲಿನ ತುದಿಯಲ್ಲಿ ಬೆರಳು ಸಿಕ್ಕಿದರೆ ಅಳು. ಕೀಲಿನ ಬದಿಯಲ್ಲಿ ಸಿಕ್ಕಿದರೆ ಆಸ್ಪತ್ರೆ. ಕಾರಣ ಅಡಕತ್ತರಿಯಲ್ಲಿದೆ. ಅಡಕೆ ಹೋಳು ಮಾಡುವವರು ಅದನ್ನು ಕತ್ತರಿಯ ತುದಿಯಲ್ಲಿ ಇಡುವುದಿಲ್ಲ, ಕೀಲಿನ ಬುಡಕ್ಕೆ ತಳ್ಳಿ ಹಿಡಿಯನ್ನು ಒತ್ತುತ್ತಾರೆ. 45 ಸೆಂಟಿಮೀಟರ್ ಅಗಲದ ಬಾಗಿಲಿನ ಹೊರ ಅಂಚನ್ನು ಅಣ್ಣನೋ ಅಕ್ಕನೋ ಎರಡು ಕೆ.ಜಿ. ಭಾರದಷ್ಟು ಬಲದಿಂದ, ಅಂದರೆ ಸುಮಾರು 20 ನ್ಯೂಟನ್‌ನಷ್ಟು ತಳ್ಳಿದರು ಎನ್ನಿ. ಪುಟ್ಟ ತಮ್ಮನ ಬೆರಳು ಕೀಲಿನಿಂದ ಒಂದೂವರೆ ಸೆಂಟಿಮೀಟರ್ ದೂರದಲ್ಲಿದ್ದರೆ ಅದರ ಮೇಲೆ ಬೀಳುವ ಬಲ ಮೂವತ್ತು ಪಟ್ಟು, 600 ನ್ಯೂಟನ್. ಸುಮಾರು ಅರವತ್ತು ಕೆ.ಜಿ.ಯ ಮನುಷ್ಯ ಆ ಬೆರಳಿನ ಮೇಲೆ ನಿಂತ ಲೆಕ್ಕ. ತಳ್ಳಿದವರಿಗೆ ತಾವು ಜೋರಾಗಿ ತಳ್ಳಿದೆವು ಎಂದು ಅನ್ನಿಸಿರುವುದೂ ಇಲ್ಲ.

ಆಟಿಕೆಗಳ ಲೋಕದಲ್ಲಿ ಇದಕ್ಕೊಂದು ಚಂದದ ನಿಯಮವಿದೆ. ಆಟಿಕೆಯ ಬಾಗಿಲಿನ ಕೀಲಿನ ಸಂದಿಯಲ್ಲಿ 5 ಮಿಲಿಮೀಟರ್ ದಪ್ಪದ ಕಡ್ಡಿ ತೂರುವುದಾದರೆ 12 ಮಿಲಿಮೀಟರ್‌ನ ಕಡ್ಡಿಯೂ ತೂರಲೇಬೇಕು. ಸಂದಿ ಬೆರಳೇ ಹೋಗದಷ್ಟು ಕಿರಿದಾಗಿರಬೇಕು, ಇಲ್ಲವೇ ಹೋದ ಬೆರಳು ಜಜ್ಜದಷ್ಟು ಅಗಲವಾಗಿರಬೇಕು, ನಡುವಿನದ್ದು ಬೇಡ. ಭಾರತದಲ್ಲಿ ಮಾರುವ ಆಟಿಕೆಗಳಿಗೆ 2021ರ ಜನವರಿಯಿಂದ ಭಾರತೀಯ ಮಾನಕ ಸಂಸ್ಥೆಯ ಗುರುತು ಕಡ್ಡಾಯವಾಗಿದೆ, ಕೀಲಿನ ಸಂದಿಯ ಪರೀಕ್ಷೆಯೂ ಅದರಲ್ಲಿ ಸೇರಿದೆ. ಹೀಗೆ ಮಗುವಿನ ಆಟದ ಅಡುಗೆಮನೆಯ ಬಾಗಿಲಿಗೆ ಇರುವ ಕಾವಲು ಅಮ್ಮನ ಅಡುಗೆಮನೆಯ ಬಾಗಿಲಿಗೆ ಸಿಕ್ಕಿಲ್ಲ.

ತುದಿಯ ಕಡೆಯ ಪೆಟ್ಟಿಗೆ ಮಾತ್ರ ಒಳ್ಳೆಯ ಮದ್ದು ಮಾರುಕಟ್ಟೆಯಲ್ಲಿದೆ. 18 ಮಿಲಿಮೀಟರ್ ಪ್ಲೈವುಡ್ಡಿನ ಬಾಗಿಲು ಮೂರೂವರೆ ಕೆ.ಜಿ.ಯಷ್ಟು ತೂಗುತ್ತದೆ. ಅದರ ಅಂಚು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬಂದು ಬೆರಳಿನ ಮೂರು ಮಿಲಿಮೀಟರ್ ಮೆದುವಿನಲ್ಲಿ ನಿಂತರೆ ಇಪ್ಪತ್ತು ಕೆ.ಜಿ. ಭಾರದಷ್ಟು ಬಲ ಬೀಳುತ್ತದೆ. ‘ಸಾಫ್ಟ್ ಕ್ಲೋಸ್’ ಎಂದು ಮಾರುವ ಕೀಲುಗಳ ಒಳಗೆ ದಪ್ಪ ಎಣ್ಣೆ ತುಂಬಿದ ಪುಟ್ಟ ಕೊಳವೆಯೊಂದಿದೆ. ಎಣ್ಣೆ ಸಣ್ಣ ಕಂಡಿಯ ಮೂಲಕ ನುಸುಳಬೇಕು. ನಿಧಾನಕ್ಕೆ ತಳ್ಳಿದರೆ ದಾರಿ ಬಿಡುತ್ತದೆ, ರಭಸದಿಂದ ತಳ್ಳಿದರೆ ಅಡ್ಡ ನಿಲ್ಲುತ್ತದೆ, ಏಕೆಂದರೆ ದ್ರವದ ಘರ್ಷಣೆ ವೇಗದ ಜೊತೆಗೇ ಏರುತ್ತದೆ. ಆದರೆ ಕೀಲಿನ ಬುಡದಲ್ಲಿ ಸಿಕ್ಕ ಬೆರಳಿಗೆ ಇದರಿಂದ ಏನೂ ಪ್ರಯೋಜನವಿಲ್ಲ. ಅಲ್ಲಿ ಜಜ್ಜುವುದು ವೇಗವಲ್ಲ, ಸನ್ನೆಯ ಲೆಕ್ಕ. ಅಂಗಡಿಯವರು ಈ ಎರಡನೆಯ ಮಾತನ್ನು ಹೇಳುವುದಿಲ್ಲ.

ಇನ್ನು ಬಾಗಿಲು ತೆರೆಯದಂತೆ ಮಾಡುವ ಕೊಂಡಿಯ ವಿಷಯ. ಇಲ್ಲಿ ನಮ್ಮ ಎದುರಾಳಿ ಯಾರು ಎಂಬುದನ್ನು ಮೊದಲು ತಿಳಿಯಬೇಕು. ಸ್ವಿಸ್ ಮನೋವಿಜ್ಞಾನಿ ಝಾನ್ ಪಿಯಾಜೆ 1936ರ ತಮ್ಮ ಪುಸ್ತಕದಲ್ಲಿ ಮಗಳು ಲೂಸಿಯೆನ್‌ಳ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ. ಆಗ ಆಕೆಗೆ ಹದಿನಾರು ತಿಂಗಳು. ಪಿಯಾಜೆ ಬೆಂಕಿಪೊಟ್ಟಣದೊಳಗೆ ಒಂದು ಸರಪಳಿ ಹಾಕಿ, ಮೂರು ಮಿಲಿಮೀಟರ್ ಸಂದಿ ಮಾತ್ರ ಉಳಿಯುವಂತೆ ಅದನ್ನು ಮುಚ್ಚಿದರು. ಪೊಟ್ಟಣ ತೆರೆಯುವುದು ಹೇಗೆಂದು ಆಕೆಗೆ ಗೊತ್ತಿರಲಿಲ್ಲ. ಬೆರಳು ತೂರಿಸಿ ನೋಡಿದಳು, ಆಗಲಿಲ್ಲ. ಸುಮ್ಮನಾದಳು. ಸಂದಿಯನ್ನೇ ದಿಟ್ಟಿಸುತ್ತ ತನ್ನ ಬಾಯಿಯನ್ನು ತೆರೆದಳು, ಮುಚ್ಚಿದಳು, ಇನ್ನೂ ಅಗಲವಾಗಿ ತೆರೆದಳು. ಆಮೇಲೆ ಹಿಂದುಮುಂದು ನೋಡದೆ ಸಂದಿಗೆ ಬೆರಳು ಹಾಕಿ ಎಳೆದು ಪೊಟ್ಟಣ ತೆರೆದೇಬಿಟ್ಟಳು. ಮಾತು ಸರಿಯಾಗಿ ಬಾರದ ಮಗು ಬಾಯಿಯ ಚಲನೆಯಲ್ಲೇ ಲೆಕ್ಕ ಹಾಕಿ ಮುಗಿಸಿತ್ತು. ಬಾಗಿಲು ಎರಡು ಬೆರಳು ತೆರೆದು ಅಲ್ಲೇ ಸಿಕ್ಕಿಕೊಳ್ಳುವಂಥ ಕೊಂಡಿಗಳು ನಮ್ಮಲ್ಲಿ ಹೆಚ್ಚು ಮಾರಾಟವಾಗುತ್ತವೆ. ಅವು ಮಗುವಿಗೆ ಕೊಡುವುದು ಲೂಸಿಯೆನ್‌ಳ ಬೆಂಕಿಪೊಟ್ಟಣವನ್ನೇ: ಒಂದು ಸಂದಿ, ಒಳಗೆ ಕಾಣುವ ಆಸೆ, ಯೋಚಿಸಲು ಬೇಕಾದಷ್ಟು ಹೊತ್ತು. ಸಂದಿಯೇ ಬಿಡದ ಕೊಂಡಿ ಇದಕ್ಕಿಂತ ಎಷ್ಟೋ ವಾಸಿ. ಬೆರಳೂ ಉಳಿಯುತ್ತದೆ.

ಇನ್ನೊಂದು ಪ್ರಯೋಗ 2002ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಹಂಗೇರಿಯ ಗ್ಯೊರ್ಗಿ ಗೆರ್ಗೆಲಿ ಮತ್ತು ಸಂಗಡಿಗರು ಹದಿನಾಲ್ಕು ತಿಂಗಳ ಮಕ್ಕಳ ಎದುರು ಒಬ್ಬಾಕೆ ಮೇಜಿನ ಮೇಲಿನ ದೀಪದ ಪೆಟ್ಟಿಗೆಯನ್ನು ಹಣೆಯಿಂದ ಒತ್ತಿ ಬೆಳಗಿಸುವಂತೆ ಮಾಡಿದರು. ಆಕೆಯ ಕೈಗಳು ಖಾಲಿಯಿದ್ದಾಗ ನೋಡಿದ ಮಕ್ಕಳಲ್ಲಿ ಶೇಕಡ 69ರಷ್ಟು ಒಂದು ವಾರದ ನಂತರ ತಾವೂ ಹಣೆಯಿಂದಲೇ ಒತ್ತಿದರು. ಆಕೆ ಚಳಿಗೆಂದು ಹೊದಿಕೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಾಗ ನೋಡಿದವರಲ್ಲಿ ಹಣೆ ಬಳಸಿದವರು ಶೇಕಡ 21 ಮಾತ್ರ. ಉಳಿದವರು ಸೀದಾ ಕೈ ಹಾಕಿದರು. ‘ಪಾಪ, ಅವಳ ಕೈ ಖಾಲಿ ಇರಲಿಲ್ಲ, ನನ್ನದು ಇದೆಯಲ್ಲ’ ಎಂಬಷ್ಟು ತರ್ಕ. ಒಂದು ಕೈಯಲ್ಲಿ ಸೌಟು ಹಿಡಿದು ಇನ್ನೊಂದು ಕೈಯಿಂದ ಕೊಂಡಿ ಒತ್ತುವ ಅಮ್ಮನನ್ನು ನೆಲದ ಮೇಲೆ ಕೂತ ಮಗು ದಿನವೂ ನೋಡುತ್ತಿರುತ್ತದೆ. ಅದರ ನೆನಪಿನಲ್ಲಿ ಒಂದು ವಾರದ ಪಾಠ ಉಳಿಯುತ್ತದೆ ಎಂದರೆ ಯಾವ ಕೊಂಡಿಯೂ ಶಾಶ್ವತವಲ್ಲ.

ಔಷಧಿ ಡಬ್ಬಿಗಳ ಮುಚ್ಚಳ ಮಾಡುವವರು ಇದನ್ನು ಬಹಳ ಹಿಂದೆಯೇ ಒಪ್ಪಿಕೊಂಡರು. ಕೆನಡಾದ ವಿಂಡ್ಸರ್‌ನ ಮಕ್ಕಳ ವೈದ್ಯ ಹೆನ್ರಿ ಬ್ರೋ ವಿಷ ಕುಡಿದ ಮಕ್ಕಳನ್ನು ನೋಡಿ ನೋಡಿ ಬೇಸತ್ತು, 1967ರಲ್ಲಿ ಒತ್ತಿ ತಿರುಗಿಸುವ ಮುಚ್ಚಳವನ್ನು ಬಳಕೆಗೆ ತಂದರು. ಅಮೆರಿಕ 1970ರಲ್ಲಿ ಅಂಥ ಮುಚ್ಚಳಗಳಿಗೆ ಕಾನೂನು ಮಾಡಿತು. ಅದರ ಪರೀಕ್ಷೆ ಓದಲು ಬಲು ಮಜಾ. ಮೂರೂವರೆಯಿಂದ ನಾಲ್ಕೂಕಾಲು ವರ್ಷದ ಮಕ್ಕಳನ್ನು ಜೋಡಿಜೋಡಿಯಾಗಿ ಕೂರಿಸಿ ಡಬ್ಬಿ ಕೊಡುತ್ತಾರೆ. ಐದು ನಿಮಿಷ ಬಿಡುತ್ತಾರೆ. ತೆರೆಯದವರಿಗೆ ಒಮ್ಮೆ ತೆರೆದು ತೋರಿಸಿ, ಬೇಕಿದ್ದರೆ ಹಲ್ಲನ್ನೂ ಬಳಸಬಹುದು ಎಂದು ಹೇಳಿ, ಮತ್ತೆ ಐದು ನಿಮಿಷ. ತೋರಿಸುವ ಮೊದಲು ನೂರಕ್ಕೆ 85 ಮಕ್ಕಳು, ತೋರಿಸಿದ ಮೇಲೂ 80 ಮಕ್ಕಳು ಸೋತರೆ ಮುಚ್ಚಳ ಪಾಸು. ಅಂದರೆ ಕಾನೂನಿನ ಕಣ್ಣಲ್ಲಿಯೇ ನೂರರಲ್ಲಿ ಇಪ್ಪತ್ತು ಮಕ್ಕಳು ಹತ್ತು ನಿಮಿಷದಲ್ಲಿ ಗೆಲ್ಲಬಹುದು. ಕೊಂಡಿ ಕೊಡುವುದು ಸಮಯವನ್ನು. ಕುಕ್ಕರ್ ಇಳಿಸಿ ತಿರುಗಿ ನೋಡುವಷ್ಟು, ಬಾಗಿಲಿಗೆ ಬಂದ ಮೀನಿನವಳಿಗೆ ಚಿಲ್ಲರೆ ಕೊಟ್ಟು ಒಳಗೆ ಬರುವಷ್ಟು. 2012ರಲ್ಲಿ ಅಮೆರಿಕದಲ್ಲೇ ಒಂದು ಹೆಸರಾಂತ ಕಂಪನಿ ಕಪಾಟಿನ ಸುಮಾರು 9 ಲಕ್ಷ ಕೊಂಡಿಗಳನ್ನು ವಾಪಸ್ ಪಡೆಯಬೇಕಾಯಿತು. ಒಂಬತ್ತು ತಿಂಗಳಿನಿಂದ ಐದು ವರ್ಷದೊಳಗಿನ 140 ಮಕ್ಕಳು ಅವನ್ನು ಬಿಡಿಸಿ ದಾಟಿದ ದೂರುಗಳು ಬಂದಿದ್ದವು.

ಮುಚ್ಚಳದ ಪರೀಕ್ಷೆಗೆ ಇನ್ನೊಂದು ಭಾಗವಿದೆ, ನನಗೆ ಅದೇ ಹೆಚ್ಚು ಮುಖ್ಯ ಅನ್ನಿಸುತ್ತದೆ. 50ರಿಂದ 70 ವರ್ಷದ ಹಿರಿಯರ ಕೈಗೂ ಡಬ್ಬಿ ಕೊಡುತ್ತಾರೆ, ಅವರು ತೆರೆಯಲೇಬೇಕು. ಕೋಟೇಶ್ವರದ ಕಡೆಯ ಒಬ್ಬ ಆಚಾರಿ ಇದೇ ಮಾತನ್ನು ಯಾವ ಕಾನೂನೂ ಓದದೆ ಹೇಳಿದರು: “ಹ್ವಾಯ್, ಅಜ್ಜಿಗ್ ತೆಗೂಕ್ ಆತಿಲ್ಲೆ ಅಂದ್ರೆ ಆ ಕೊಂಡಿ ಒಂದ್ ವಾರವೂ ಇರುದಿಲ್ಲೆ.” ನಮ್ಮ ಕಡೆ ಈ ಮಾತಿಗೆ ತೂಕ ಹೆಚ್ಚು. ದುಡಿಯುವವರು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶ ಸೇರಿದ್ದಾರೆ. ಊರಿನ ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ. ಬೇಸಿಗೆ ರಜೆಗೆ ಮೊಮ್ಮಕ್ಕಳು ಬಂದಿಳಿದಾಗ ಅಲ್ಲಿ ಕೊಂಡಿಯೂ ಇರುವುದಿಲ್ಲ, ಮಗು ಎಲ್ಲಿಗೆ ಕೈ ಹಾಕುತ್ತದೆ ಎಂಬ ಅಂದಾಜೂ ಇರುವುದಿಲ್ಲ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಮಾತ್ರ ಕಟ್ಟೆಯ ಕೆಳಗಿನ ಡ್ರಾಯರಿನಲ್ಲಿ ಸಾಲಾಗಿ ಇರುತ್ತವೆ.

ಕೊಂಡಿ ಯಾವುದು ಎಂಬ ಪ್ರಶ್ನೆಗೆ ಕರಾವಳಿಯ ಹವೆ ತನ್ನದೇ ಉತ್ತರ ಕೊಡುತ್ತದೆ. ಅಂತರ್ಜಾಲದಲ್ಲಿ ಸಿಗುವ ಬಹುಪಾಲು ಕೊಂಡಿಗಳು ಎರಡು ಬದಿ ಅಂಟಿರುವ ಟೇಪಿನ ಮೇಲೆ ನಿಂತಿವೆ. ಅಕ್ರಿಲಿಕ್ ಫೋಮಿನ ಒಳ್ಳೆಯ ಟೇಪು ಗಟ್ಟಿಯೇ. ಆದರೆ ಅಂಟು ಮೇಲ್ಮೈಯ ಸಣ್ಣ ಉಬ್ಬುತಗ್ಗುಗಳೊಳಗೆ ಹರಿದು ಕೂರಲು ಹೊತ್ತು ಬೇಕು: ಅಂಟಿಸಿದ ಇಪ್ಪತ್ತು ನಿಮಿಷಕ್ಕೆ ಅರ್ಧ ಬಲ, ಒಂದು ದಿನಕ್ಕೆ ಶೇಕಡ 90, ಪೂರ್ತಿ ಬಲಕ್ಕೆ ಮೂರು ದಿನ. ನಾವು ಅಂಟಿಸಿದ ಕೂಡಲೇ ಜಗ್ಗಿ ನೋಡುತ್ತೇವೆ. ಎರಡನೆಯದಾಗಿ, ತೆಂಗಿನೆಣ್ಣೆಯ ಒಗ್ಗರಣೆ ಚಟಪಟಿಸುವ ಪ್ರತಿಸಲವೂ ಕಣ್ಣಿಗೆ ಕಾಣದ ಎಣ್ಣೆಯ ಹನಿಗಳು ಹಾರಿ ಬಾಗಿಲಿನ ಮೇಲೆ ಕೂರುತ್ತವೆ. ಟೇಪು ಆಗ ಅಂಟುವುದು ಎಣ್ಣೆಗೆ, ಬಾಗಿಲಿಗಲ್ಲ. ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ಮೇಲೆ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಆಸಾಡಿಯ ತೇವದಲ್ಲಿ ಅಲ್ಲ, ಒಂದು ಒಣ ದಿನ ನೋಡಿ ಅಂಟಿಸಬೇಕು. ಟೇಪನ್ನು ಅದರ ಉದ್ದಕ್ಕೆ ಎಳೆದರೆ ಅಷ್ಟೂ ಅಗಲ ಒಟ್ಟಿಗೆ ತಡೆಯುತ್ತದೆ; ಒಂದು ಅಂಚಿನಿಂದ ಸುಲಿದರೆ ಆ ಅಂಚಿನ ಕೂದಲೆಳೆಯಷ್ಟು ಗೆರೆ ಮಾತ್ರ ಪೂರ್ತಿ ಭಾರ ಹೊರಬೇಕಾಗುತ್ತದೆ. ಹನ್ನೆರಡು ಕೆ.ಜಿ.ಯ ಮಗು ಪಟ್ಟಿ ಹಿಡಿದು ಹಿಂದಕ್ಕೆ ವಾಲಿದರೆ ಆಗುವುದು ಈ ಎರಡನೆಯದ್ದು.

ಮರ ಸುಮ್ಮನಿರುವುದಿಲ್ಲ ಎಂಬುದು ಮತ್ತೊಂದು ತಕರಾರು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಸೀಮೆ ಇದು. ಗಾಳಿಯ ತೇವ ಶೇಕಡ 60ರಷ್ಟಿದ್ದಾಗ ಮರದೊಳಗಿನ ನೀರಿನ ಪಾಲು ಹತ್ತು ಹನ್ನೊಂದು. 90 ಮುಟ್ಟಿದಾಗ ಅದು ಇಪ್ಪತ್ತರ ಹತ್ತಿರ. ಅಲುಗಾಡದ ಮರವೆಂದು ಹೆಸರಾದ ತೇಗವೇ 45 ಸೆಂಟಿಮೀಟರ್ ಅಗಲದ ಹಲಗೆಯಾಗಿದ್ದರೆ, ಏಳೆಂಟು ಅಂಶ ತೇವ ಏರಿದಾಗ ಅಡ್ಡಕ್ಕೆ ಐದಾರು ಮಿಲಿಮೀಟರ್ ಹಿಗ್ಗಬಲ್ಲದು. ಕೊಂಡಿಯ ಕೊಕ್ಕೆಗೂ ಅದರ ಗೂಡಿಗೂ ನಡುವೆ ಇರುವ ಸಲಿಗೆ ಎರಡು ಮೂರು ಮಿಲಿಮೀಟರ್ ಮಾತ್ರ. ಏಪ್ರಿಲಿನಲ್ಲಿ ಚಟ್ ಎಂದು ಕೂರುತ್ತಿದ್ದ ಕೊಂಡಿ ಜುಲೈಯಲ್ಲಿ ಕೂತಂತೆ ಕಂಡು ಕೂರದೆ ಉಳಿಯುವುದು ಹೀಗೆ. ಪದರಪದರವಾಗಿ ನಾರನ್ನು ಅಡ್ಡ ಉದ್ದ ಜೋಡಿಸಿದ ಪ್ಲೈವುಡ್ ಅಷ್ಟು ಹಿಗ್ಗುವುದಿಲ್ಲ, ಆದರೆ ಪದರಗಳ ನಡುವಿನ ಅಂಟು ಯಾವುದೆಂದು ಕೇಳಬೇಕು. ಎಂ.ಆರ್. ಎಂಬ ಅಗ್ಗದ ದರ್ಜೆಯಲ್ಲಿ ಸಾಮಾನ್ಯವಾಗಿ ಇರುವುದು ಯೂರಿಯಾ ಫಾರ್ಮಾಲ್ಡಿಹೈಡ್. ಸಿಂಕಿನ ಕೆಳಗಿನ ತೇವಕ್ಕೆ ಅದು ಬಹಳ ಕಾಲ ತಾಳದು. ಐ.ಎಸ್. 710 ಎಂಬ ಗುರುತಿನ ಮರೈನ್ ಪ್ಲೈಯಲ್ಲಿ ಫಿನಾಲ್ ಫಾರ್ಮಾಲ್ಡಿಹೈಡ್ ಇರುತ್ತದೆ, ಕುದಿವ ನೀರಿನ ಪರೀಕ್ಷೆಯನ್ನೂ ಅದು ಗೆದ್ದಿರುತ್ತದೆ. ಪ್ಲೈ ಉಬ್ಬಿದರೆ ಕೀಲಿನ ಸ್ಕ್ರೂ ಸಡಿಲಾಗುತ್ತದೆ, ಬಾಗಿಲು ತಗ್ಗುತ್ತದೆ, ಕೊಂಡಿ ತಪ್ಪುತ್ತದೆ. ಹೊಸ ಕೀಲುಗಳಲ್ಲಿ ಬಾಗಿಲನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಒಳಗೆ ಹೊರಗೆ ಸರಿಸಲು ಬೇರೆ ಬೇರೆ ಸ್ಕ್ರೂಗಳಿವೆ. ಮಳೆಗಾಲಕ್ಕೆ ಮೊದಲೊಮ್ಮೆ, ದೀಪಾವಳಿ ಕಳೆದ ಮೇಲೊಮ್ಮೆ ಅವನ್ನು ತಿರುಗಿಸಿ ಕೊಂಡಿ ಕೂರಿಸುವುದು ಐದು ನಿಮಿಷದ ಕೆಲಸ.

ಮರವಂತೆ, ಗಂಗೊಳ್ಳಿ, ಕೋಡಿಬೆಂಗ್ರೆಯಂಥ ಕಡಲಂಚಿನ ಊರುಗಳಲ್ಲಿ ಉಪ್ಪುಗಾಳಿಯ ಕಾಟ ಬೇರೆ. ಕ್ಲೋರೈಡು ಉಕ್ಕಿನ ಮೇಲಿನ ಕಾಪಿನ ಪದರವನ್ನು ಚುಕ್ಕಿಚುಕ್ಕಿಯಾಗಿ ಕೊರೆಯುತ್ತದೆ. ಕೊಂಡಿಯೊಳಗಿನ ಎಳೆಯಷ್ಟು ತೆಳು ಸ್ಪ್ರಿಂಗಿಗೆ ಅಷ್ಟೇ ಸಾಕು. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ‘ನೋಡಿ, ಅಂಟುವುದಿಲ್ಲ, ಅಸಲಿ ಸ್ಟೀಲು’ ಎನ್ನುತ್ತಾರೆ. 304 ದರ್ಜೆಯದ್ದೂ ಅಂಟುವುದಿಲ್ಲ, ಅದಕ್ಕಿಂತ ಬೇಗ ತುಕ್ಕು ಹಿಡಿಯುವ 202 ದರ್ಜೆಯದ್ದೂ ಅಂಟುವುದಿಲ್ಲ, ಹಾಗಾಗಿ ಈ ಪರೀಕ್ಷೆಗೆ ಇಲ್ಲಿ ಅರ್ಥವಿಲ್ಲ. ನನ್ನ ಮತ ಕೇಳಿದರೆ, ಈ ಹವೆಗೆ ಟೇಪಿಗಿಂತ ಸ್ಕ್ರೂ ಮೇಲು, ಹೊರಗೆ ಕಾಣುವ ಪಟ್ಟಿಗಿಂತ ಒಳಗೆ ಅಡಗಿದ ಕೊಂಡಿ ಮೇಲು. 18 ಮಿಲಿಮೀಟರ್ ಬಾಗಿಲಿಗೆ 15 ಮಿಲಿಮೀಟರ್ ಮೀರದ ಸ್ಕ್ರೂ, ಮೊದಲು ಸಣ್ಣ ತೂತು ಕೊರೆದು.

ಒಳಗೆ ಅಡಗುವ ಕೊಂಡಿಗಳಲ್ಲಿ ಅಯಸ್ಕಾಂತದ್ದೇ ಜಾಣತನ. ಬಾಗಿಲಿನ ಹೊರಗೆ ಅಯಸ್ಕಾಂತದ ‘ಕೀಲಿ’ ಇಟ್ಟಾಗ ಒಳಗಿನ ನಾಲಿಗೆ ಸರಿದು ದಾರಿ ಬಿಡುತ್ತದೆ. ಮಗುವಿಗೆ ಹೊರಗೆ ಏನೂ ಕಾಣದು, ಅನುಕರಿಸಲು ಬೆರಳಿನ ಚಳಕವೂ ಇಲ್ಲ. ಆದರೆ ಎರಡು ಸಣ್ಣ ಅಯಸ್ಕಾಂತಗಳ ನಡುವಿನ ಸೆಳೆತ ದೂರದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಕುಗ್ಗುತ್ತದೆ. 18 ಮಿಲಿಮೀಟರಿನ ಪ್ಲೈ ದಾಟುವ ಕೀಲಿ 25 ಮಿಲಿಮೀಟರಿನ ಹಲಸಿನ ಹಲಗೆಯ ಎದುರು ಕಾಲು ಭಾಗ ಬಲಕ್ಕೆ ಇಳಿಯುತ್ತದೆ. ಹಳೆಯ ಮರದ ಬಾಗಿಲಿಗೆ ಹಾಕುವವರು ಕೊಳ್ಳುವ ಮೊದಲು ಅಳೆಯಲಿ. ಕೀಲಿಯನ್ನು ಫ್ರಿಜ್ಜಿನ ಎತ್ತರದಲ್ಲಿ ಅಂಟಿಸಿಡುವುದು ರೂಢಿ. ಒಡೆದ ಕೀಲಿಯ ಚೂರುಗಳನ್ನು ಮಾತ್ರ ಮನೆಯಲ್ಲಿ ಉಳಿಸಬಾರದು: ನುಂಗಿದ ಎರಡು ನಿಯೋಡಿಮಿಯಂ ತುಂಡುಗಳು ಕರುಳಿನ ಎರಡು ಮಡಿಕೆಗಳ ಆಚೀಚೆ ಒಂದನ್ನೊಂದು ಹಿಡಿದುಕೊಂಡು ನಡುವಿನ ಗೋಡೆಯನ್ನು ತೂತು ಮಾಡುತ್ತವೆ.

ಬಾಗಿಲಿನ ಹಿಂದೆ ಏನಿದೆ ಎಂಬುದು ಊರಿಂದೂರಿಗೆ ಬದಲಾಗುತ್ತದೆ, ಕೊಂಡಿ ಮಾರುವವರ ಚಿತ್ರಗಳಲ್ಲಿ ಅದು ಬರುವುದಿಲ್ಲ. ಉಪ್ಪುಂದ, ಕೊಡೇರಿ, ಗಂಗೊಳ್ಳಿಯ ನಾಡದೋಣಿಗಳ ಎಂಜಿನ್ನಿಗೆ ಸೀಮೆಎಣ್ಣೆ ಬೇಕು, ಅದರ ಒಂದು ಬಾಟಲಿ ಮನೆಯಲ್ಲೂ ಇರುತ್ತದೆ, ಹೆಚ್ಚಾಗಿ ಹಳೆಯ ತಂಪುಪಾನೀಯದ ಬಾಟಲಿಯಲ್ಲಿ. ಸೀಮೆಎಣ್ಣೆ ಹೊಟ್ಟೆಯಲ್ಲಿ ಮಾಡುವ ಹಾನಿ ಕಡಿಮೆ. ಅದು ತೆಳು, ಬೇಗ ಹರಡುತ್ತದೆ. ಕೆಮ್ಮುವಾಗ ಒಂದಿಷ್ಟು ಶ್ವಾಸಕೋಶಕ್ಕೆ ಜಾರಿದರೆ ಒಳಗೆಲ್ಲ ಹಬ್ಬಿ ನ್ಯುಮೋನಿಯಾ ತರುತ್ತದೆ. ಆದ್ದರಿಂದಲೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ನಮ್ಮ ಹಳೆಯ ಔಷಧಿ ಇಲ್ಲಿ ವಿಷಕ್ಕಿಂತ ಕೆಟ್ಟದ್ದು. ಜಡ್ಕಲ್, ಮುದೂರು ಕಡೆಯ ರಬ್ಬರ್ ತೋಟದ ಮನೆಗಳಲ್ಲಿ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಮ್ಲವಿದೆ. ಗಂಟಲು ಸುಡಲು ಒಂದು ಗುಟುಕು ಸಾಕು. ಹಳ್ಳಿಹೊಳೆ, ಕಮಲಶಿಲೆಯ ಅಡಕೆ ತೋಟದವರ ಮನೆಯಲ್ಲಿ ಮೈಲುತುತ್ತು. ಕೊಳೆರೋಗಕ್ಕೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರಿನ ಬೋರ್ಡೋ ದ್ರಾವಣ ಹೊಡೆದ ಮೇಲೆ ಉಳಿದ ಹರಳುಗಳು ಡಬ್ಬಿ ಸೇರುತ್ತವೆ. ಕಲ್ಲುಸಕ್ಕರೆಯ ಗಾತ್ರ, ನವಿಲುಕೊರಳಿನ ನೀಲಿ. ಮಗುವಿನ ಕಣ್ಣು ಸೆಳೆಯಲು ಇನ್ನೇನು ಬೇಕು? ಕರುಳನ್ನು ಸುಟ್ಟು, ರಕ್ತದ ಕೆಂಪುಕಣಗಳನ್ನು ಒಡೆದು, ಮೂತ್ರಪಿಂಡದವರೆಗೂ ಹೋಗುವ ವಿಷ ಅದು. ದೇವರ ಗೂಡಿನ ಕರ್ಪೂರವನ್ನು ಯಾರೂ ವಿಷವೆಂದು ಎಣಿಸುವುದಿಲ್ಲ. ಒಂದು ಗ್ರಾಂನಷ್ಟು ಕರ್ಪೂರ ಎಳೆಯ ಮಗುವಿಗೆ ಪ್ರಾಣಾಂತಿಕವಾದ ಉದಾಹರಣೆಗಳು ವೈದ್ಯಕೀಯದಲ್ಲಿ ದಾಖಲಾಗಿವೆ, ತಿಂದ ಕೆಲವೇ ನಿಮಿಷಗಳಲ್ಲಿ ಅಪಸ್ಮಾರ ಬರಬಹುದು.

ಆದರೂ ನನಗೆ ಹೆಚ್ಚು ಭಯ ಹುಟ್ಟಿಸುವುದು ಕೆಂಪು ಮಾತ್ರೆ. ಬಸುರಿಯರಿಗೆ ಸರ್ಕಾರ ಕೊಡುವ ಕಬ್ಬಿಣಾಂಶದ ಮಾತ್ರೆ, ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, ದಿನಕ್ಕೊಂದರಂತೆ 180 ದಿನ. ಅಂಥ ಮಾತ್ರೆಯ ಹಾಳೆಗಳು ಎಷ್ಟೋ ಸಲ ಸೇರುವುದು ಮೊದಲ ಮಗು ಇನ್ನೂ ಅಂಬೆಗಾಲಿಡುತ್ತಿರುವ ಮನೆಗೇ. ಮೇಲ್ಪದರ ನುಣುಪು, ಬಣ್ಣ ಪೆಪ್ಪರಮೆಂಟಿನದು. ದೇಹದ ತೂಕದ ಕೆ.ಜಿ.ಗೆ 60 ಮಿಲಿಗ್ರಾಂ ದಾಟಿದರೆ ತೀವ್ರ ವಿಷ, ಹತ್ತು ಕೆ.ಜಿ.ಯ ಮಗುವಿಗೆ ಹತ್ತು ಮಾತ್ರೆ, ಅಂದರೆ ಒಂದು ಹಾಳೆಯಷ್ಟು. ಮೊದಲು ವಾಂತಿ, ಭೇದಿ. ಆಮೇಲೆ ಕೆಲವು ಗಂಟೆ ಮಗು ಸುಧಾರಿಸಿದಂತೆ ಕಾಣುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆ ಹೊತ್ತಿನಲ್ಲೇ ಕಬ್ಬಿಣ ಯಕೃತ್ತಿಗೆ ಇಳಿಯುತ್ತಿರುತ್ತದೆ. ಇಂಥದ್ದಕ್ಕೆ ಪ್ಲಾಸ್ಟಿಕ್ ಕೊಂಡಿ ಸಾಲದು. ಬೀಗವಿರುವ ಗೋದ್ರೆಜ್ ಕಪಾಟೇ ಅದರ ಜಾಗ.

ಬೈಂದೂರಿನಿಂದ ಕುಂದಾಪುರದ ಆಸ್ಪತ್ರೆಗೆ ಮೂವತ್ತೈದು ಕಿಲೋಮೀಟರ್, ಮಣಿಪಾಲಕ್ಕೆ ಅದರ ಎರಡರಷ್ಟು. ಹೊರಡುವ ಮೊದಲು ಅಥವಾ ದಾರಿಯಲ್ಲೇ ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರಕ್ಕೆ 1800 116 117ರಲ್ಲಿ ಫೋನ್ ಮಾಡಬಹುದು, ದುಡ್ಡಿಲ್ಲ. ಮಗು ಕುಡಿದ ಬಾಟಲಿ, ತಿಂದ ಮಾತ್ರೆಯ ಹಾಳೆ ಜೊತೆಗಿರಲಿ; ವೈದ್ಯರು ಕೇಳುವ ಮೊದಲ ಪ್ರಶ್ನೆ ಅದೇ. ವಾಂತಿ ಮಾಡಿಸಬಾರದು, ಹಾಲು, ಎಳನೀರು, ಹುಣಸೆನೀರು ಎಂದು ನೆರೆಹೊರೆಯವರು ಹೇಳಿದ್ದೆಲ್ಲ ಕುಡಿಸಬಾರದು.

ಒಂದು ಬಾಗಿಲಿಗೆ ಮಾತ್ರ ಮಕ್ಕಳ ಕೊಂಡಿ ಹಾಕಲೇಬಾರದು. ಗ್ಯಾಸ್ ಸಿಲಿಂಡರನ್ನು ಕಟ್ಟೆಯಡಿಯ ಕಪಾಟಿನೊಳಗೆ ಕೂರಿಸಿ ಚಂದವಾಗಿ ಮುಚ್ಚುವ ಹುಚ್ಚು ಹೆಚ್ಚಾಗಿದೆ. ಅಡುಗೆ ಅನಿಲದಲ್ಲಿರುವ ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ಭಾರ. ಸೋರಿದ್ದು ಮೇಲೇರಿ ಹೋಗದೆ ಕಪಾಟಿನ ತಳದಲ್ಲೇ ನಿಲ್ಲುತ್ತದೆ. ಆ ಕಪಾಟಿನ ಬಾಗಿಲಿಗೆ ಕೆಳಗಡೆಯೇ ಗಾಳಿಕಂಡಿ ಇರಬೇಕು, ಮೇಲಿನ ಜಾಲರಿಯಿಂದ ಪ್ರಯೋಜನವಿಲ್ಲ. ವಾಸನೆ ಬಂದ ಗಳಿಗೆಯಲ್ಲಿ ಕತ್ತಲಿದ್ದರೂ ಅಜ್ಜಿಯ ಕೈಗೆ ರೆಗ್ಯುಲೇಟರ್ ಸಿಗಬೇಕು, ಅಯಸ್ಕಾಂತದ ಕೀಲಿಗಾಗಿ ಫ್ರಿಜ್ಜಿನ ಮೇಲೆ ತಡಕಾಡುವಂತಿರಬಾರದು. ಮಗು ಗುಬ್ಬಿ ತಿರುಗಿಸುತ್ತದೆ ಎಂಬ ಚಿಂತೆಯಿದ್ದರೆ ಸಿಲಿಂಡರನ್ನು ಗೋಡೆಯಾಚೆ ಇಟ್ಟು ತಾಮ್ರದ ಕೊಳವೆಯಲ್ಲಿ ಅನಿಲ ತರುವುದು ಸರಿ, ಕರಾವಳಿಯ ಎಷ್ಟೋ ಮನೆಗಳಲ್ಲಿ ಈಗಾಗಲೇ ಹಾಗೆ ಇದೆ. ಅದಾಗದಿದ್ದರೆ ಅಡುಗೆ ಮುಗಿದ ಕೂಡಲೇ ರೆಗ್ಯುಲೇಟರ್ ಮುಚ್ಚಿ, ಆ ಬಾಗಿಲಿನ ಎದುರು ಅಕ್ಕಿಯ ಡಬ್ಬಿಯನ್ನೂ ಇಡದೆ ಬಿಟ್ಟರೆ ಆಯಿತು.